ಹದಿನಾರನೆಯ ಜಾಗ

ತನ್ನ ಸೊಸೆ ಚೀನಾದ ದಕ್ಷಿಣದಂಚಿನ ಗ್ವಾಂಗ್‌ಶಿ ಪ್ರಾಂತ್ಯದವಳು ಎಂದು ಶೆನ್ ಸುಚಿನ್ ಹನ್ನೆರಡು ವರ್ಷದಿಂದ ಹೇಳುತ್ತ ಬಂದಿದ್ದಳು. ಹುಝೌ ಊರಿನ ಹಳೆಯ ರೇಷ್ಮೆ ಗಿರಣಿ ವಸತಿಯಲ್ಲಿ ಯಾರು ಕೇಳಿದರೂ ಇದೇ ಉತ್ತರ. ದೂರದ ಸೀಮೆ, ಗುಡ್ಡಗಾಡು, ಅದಕ್ಕೇ ಹುಡುಗಿಯ ನಾಲಿಗೆ ಕೊಂಚ ದಪ್ಪ. ಆದರೆ ಸೊಸೆ ಲಿಯೂ ನಿಜಕ್ಕೂ ವಿಯೆಟ್ನಾಮಿನವಳು. ದಲ್ಲಾಳಿ ತೋರಿಸಿದ ಫೋಟೋ ನೋಡಿ ಮಗ ಗಡಿ ದಾಟಿ ಹೋಗಿ ಕಟ್ಟಿಕೊಂಡು ಬಂದಿದ್ದ. ಇಲ್ಲಿ ಹೆಣ್ಣು ಸಿಗದವನು ತಾನೇ ಹಾಗೆ ಹೋಗುವುದು? ಸುದ್ದಿ ಹೊರಬಿದ್ದರೆ ತಲೆ ಎತ್ತಿ ತಿರುಗುವ ಹಾಗಿಲ್ಲವೆಂದು ಸುಚಿನ್ ಸೊಸೆಯ ಬಾಯಿಗೆ ಬೀಗ ಹಾಕಿದ್ದಳು. ಲಿಯೂ ತವರಿಗೆ ಫೋನ್ ಮಾಡಬೇಕಾದರೆ ಮೊದಲು ಕಿಟಕಿ ಮುಚ್ಚಬೇಕಿತ್ತು.

ಸಂಜೆ ಹೊತ್ತು ಗಿರಣಿಯ ಅಂಗಳದಲ್ಲಿ ಹೆಂಗಸರ ಬೀಸಣಿಗೆ ಕುಣಿತ. ತಂಡಕ್ಕೆ ಸುಚಿನ್‌ಳೇ ಯಜಮಾನಿ. ಲಿಯೂ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದಳು, ಆದರೆ ಹೆಜ್ಜೆ ಮರೆತವರೆಲ್ಲ ಕದ್ದು ನೋಡುತ್ತಿದ್ದುದು ಅವಳ ಕಾಲನ್ನೇ. ಈ ವರ್ಷ ನಗರದ ಸ್ಪರ್ಧೆಗೆ ಹೆಸರು ಕೊಟ್ಟಾಗ ಅವಳು ಅತ್ತೆಯ ಹತ್ತಿರ ಬಂದು ನಿಂತಳು.

"ಅಮ್ಮಾ, ಈ ಸಲ ನಾನು ಮುಂದೆ ನಿಲ್ಲಲಾ?"

ಸೊಸೆಯಾಗಿ ಮನೆಗೆ ಬಂದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಸುಚಿನ್ ಮರುಮಾತಾಡದೆ ಒಪ್ಪಿದಳು. ವೇದಿಕೆಗೆ ಹದಿನಾರು ಜನ ಮಾತ್ರ. ಹದಿನಾರನೆಯವಳು ಲಿಯೂ, ಮುಂದಿನ ಸಾಲಿನ ನಡುಮಧ್ಯೆ. ಅವಳು ಕುಣಿತದ ತನ್ನ ಕೆಂಪು ರವಿಕೆಗೆ ತಾನೇ ಅಂಚು ಹೊಲಿದುಕೊಂಡಳು.

ಸ್ಪರ್ಧೆಗೆ ಹತ್ತು ದಿನ ಇರುವಾಗ ವಸತಿ ಸಮಿತಿಯ ಕಾರ್ಯದರ್ಶಿ ಬಾವ್ ಅಂಗಳಕ್ಕೆ ಬಂದಳು. ಜೊತೆಗೆ ಏಳನೇ ಬ್ಲಾಕಿನಲ್ಲಿ ಬಾಡಿಗೆಗಿದ್ದ ಬೆಲಾರೂಸಿನ ವಿದ್ಯಾರ್ಥಿನಿ ದಾರಿನಾ. ಎತ್ತರದ ಹುಡುಗಿ, ಗೋಧಿ ಬಣ್ಣದ ಕೂದಲು. ಹೆಂಗಸರು ಕುಣಿತ ಬಿಟ್ಟು ಸುತ್ತುವರಿದರು. ಒಬ್ಬಳು ಕುರ್ಚಿ ತಂದಳು, ಒಬ್ಬಳು ಲೋಕಾಟ್ ಹಣ್ಣು ಸುಲಿದು ಕೈಗಿತ್ತಳು. ದಾರಿನಾ "ಚೆನ್ನಾಗಿದ್ದೀರಾ?" ಎಂದು ಚೀನೀ ಭಾಷೆಯಲ್ಲಿ ಕೇಳಿದ್ದೇ ತಡ, ಚಪ್ಪಾಳೆ ಬಿತ್ತು.

"ಶೆನ್ ಆಂಟಿ, ಈ ಸಲ ಪರದೇಶದೋರು ಇರೋ ತಂಡಕ್ಕೆ ಜಾಸ್ತಿ ಅಂಕ ಅಂತೆ," ಎಂದಳು ಬಾವ್. "ಇವಳನ್ನ ಮುಂದೆ ನಿಲ್ಸಿ. ಒಬ್ಬರನ್ನ ಬಿಡ್ಬೇಕಾಗುತ್ತೆ. ನಿಮ್ಮ ಸೊಸೇನೇ ಬಿಡಿ. ಮನೆಯೋಳು, ಬೇಜಾರು ಮಾಡ್ಕೊಳಲ್ಲ. ಬೇರೆಯವರನ್ನ ತೆಗೆದ್ರೆ ಮುಖ ಊದಿಸ್ಕೋತಾರೆ."

ಲಿಯೂ ಬೀಸಣಿಗೆ ಮಡಚಿದಳು. ಸುಚಿನ್ ಅದನ್ನು ನೋಡಿದಳು. ಹನ್ನೆರಡು ವರ್ಷ ನುಂಗಿಕೊಂಡಿದ್ದ ಮಾತು ತಾನಾಗಿಯೇ ಹೊರಬಂತು.

"ಪರದೇಶದೋರು ಬೇಕು ಅಂದ್ರೆ ಇವಳೇ ಇದ್ದಾಳಲ್ಲ. ನನ್ನ ಸೊಸೆ ವಿಯೆಟ್ನಾಮಿನೋಳು. ಪಾಸ್‌ಪೋರ್ಟ್ ತಂದು ತೋರಿಸ್ಲಾ?"

ಲಿಯೂ ತಟ್ಟನೆ ತಲೆ ಎತ್ತಿದಳು. ಅತ್ತೆಯ ಬಾಯಿಂದ ತನ್ನ ದೇಶದ ಹೆಸರನ್ನು ಜನರೆದುರು ಅವಳು ಕೇಳಿದ್ದು ಅದೇ ಮೊದಲು. ಮುಖದಲ್ಲಿ ಎಂಥ ಬೆಳಕು ಬಂತೆಂದರೆ ಸುಚಿನ್‌ಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು. ಈ ಮಾತನ್ನು ಮೊದಲೇ ಹೇಳಿಬಿಡಬಹುದಿತ್ತು.

ಯಾರಿಗೂ ಆಶ್ಚರ್ಯವಾಗಲಿಲ್ಲ. ಪಕ್ಕದ ಮನೆಯ ಹೆಂಗಸು ನಗು ತಡೆಯಲು ಬೀಸಣಿಗೆ ಅಡ್ಡ ಹಿಡಿದಳು.

"ಅಯ್ಯೋ ಆಂಟಿ, ಅದು ಯಾರಿಗೆ ಗೊತ್ತಿಲ್ಲ?" ಎಂದಳು ಬಾವ್. "ನನ್ನ ಹತ್ರ ಇರೋ ಪರದೇಶದೋರ ಪಟ್ಟೀಲಿ ವರ್ಷಾ ವರ್ಷಾ ಇವಳ ಹೆಸರು ಬರುತ್ತೆ. ಗ್ವಾಂಗ್‌ಶಿ ಅಂತ ನೀವು ಹೇಳ್ತಿದ್ರಿ, ನಾವು ತಲೆ ಆಡಿಸ್ತಿದ್ವಿ. ಆದ್ರೆ ಇವಳು ಆ ಲೆಕ್ಕಕ್ಕೆ ಬರಲ್ಲ. ನೋಡೋಕೆ ನಮ್ಮ ಥರಾನೇ ಇದ್ದಾಳೆ. ವೇದಿಕೆ ಮೇಲೆ ಕೊರಳಿಗೆ ಬೋರ್ಡು ಹಾಕ್ಕೊಂಡು ಕುಣೀತಾಳಾ?"

ಎಲ್ಲರೂ ನಕ್ಕರು. ನಗದಿದ್ದವಳು ದಾರಿನಾ ಒಬ್ಬಳೇ. "ಆದರೆ ಇವರು ನನಗಿಂತ ಚೆನ್ನಾಗಿ ಕುಣೀತಾರೆ. ಇವರ ಜಾಗ ನನಗೆ ಬೇಡ," ಎಂದು ಒಂದೊಂದೇ ಪದ ಜೋಡಿಸಿ ಹೇಳಿದಳು.

"ಕೇಳಿದ್ರಾ, ಎಷ್ಟು ಚೆನ್ನಾಗಿ ನಮ್ಮ ಭಾಷೆ ಮಾತಾಡ್ತಾಳೆ," ಎಂದು ಹೆಂಗಸರು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. ಅವಳು ಹೇಳಿದ್ದೇನೆಂದು ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ಎಲ್ಲರ ಕಣ್ಣೂ ಸುಚಿನ್‌ಳ ಮೇಲೆ. ಆಗುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಸೊಸೆಗೋಸ್ಕರ ತಂಡವನ್ನೇ ಸೋಲಿಸಿದಳು ಎಂಬ ಮಾತು ಸಾಯುವ ತನಕ ಬೆನ್ನು ಬಿಡುವುದಿಲ್ಲ. ನಮ್ಮವರ ಬುದ್ಧಿಯೇ ಹೀಗೆ, ನ್ಯಾಯವಂತರೆಂದು ತೋರಿಸಿಕೊಳ್ಳಬೇಕಾದಾಗ ಮೊದಲು ಕತ್ತಿ ಬೀಳುವುದು ಮನೆಯವರ ಕುತ್ತಿಗೆಗೆ. ಅದಕ್ಕೆ ದೊಡ್ಡ ಮನಸ್ಸು ಎಂದು ಹೆಸರು ಬೇರೆ.

"ಲಿಯೂ, ಈ ಹುಡುಗಿಗೆ ಹೆಜ್ಜೆ ಹೇಳಿಕೊಡು," ಎಂದಳು ಸುಚಿನ್.

"ಆಯ್ತು," ಎಂದಳು ಲಿಯೂ.

ಹತ್ತು ದಿನವೂ ಕಲಿಸಿದಳು. ಮಣಿಕಟ್ಟು ಹೇಗೆ ತಿರುಗಬೇಕು, ಬೀಸಣಿಗೆ ಯಾವಾಗ ಬಿಚ್ಚಬೇಕು, ಎಲ್ಲವನ್ನೂ ಕೈ ಹಿಡಿದು ತಿದ್ದಿದಳು. ತನ್ನ ಕೆಂಪು ರವಿಕೆಯ ಹೊಲಿಗೆ ಬಿಚ್ಚಿ ದಾರಿನಾಳ ಅಳತೆಗೆ ಅಗಲ ಮಾಡಿದಳು. ಬೈಯಲಿಲ್ಲ, ಅಳಲಿಲ್ಲ. ಸೊಸೆ ಹೊಟ್ಟೆಗೆ ಹಾಕಿಕೊಂಡಳೆಂದು ಸುಚಿನ್ ನಂಬಿದಳು. ಹಾಗೆ ನಂಬುವುದೇ ಅವಳಿಗೆ ಬೇಕಿತ್ತು.

ಸ್ಪರ್ಧೆಯಲ್ಲಿ ದಾರಿನಾ ಎರಡು ಕಡೆ ತಪ್ಪಿದಳು. ತಪ್ಪಿದಾಗಲೆಲ್ಲ ಜನ ಅಕ್ಕರೆಯಿಂದ ನಕ್ಕು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಮೊದಲ ಬಹುಮಾನ ಬಂತು. ಬಾವ್ ಸುಚಿನ್‌ಳ ಕೈ ಹಿಡಿದು, "ಆಂಟಿ, ನಿಮ್ಮದು ದೊಡ್ಡ ಮನಸ್ಸು," ಎಂದು ನಾಲ್ಕು ಜನರ ಮುಂದೆ ಹೊಗಳಿದಳು. ಸುಚಿನ್ ನಿಜವಾಗಿಯೂ ಹಿಗ್ಗಿದಳು. ಬಹುಮಾನವಾಗಿ ಬಂದ ಅಡುಗೆ ಎಣ್ಣೆಯ ಡಬ್ಬಿ ಹೊತ್ತು ಮನೆಗೆ ಬರುವಾಗ, ಅದನ್ನು ಸೊಸೆಯ ಕೈಗೇ ಕೊಟ್ಟು ಇದು ನಿನ್ನದೇ ಎನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು.

ಮಗ ಆಗಲೇ ಮೇಜಿನ ಮುಂದೆ ಕೂತಿದ್ದ. ಲಿಯೂ ಮೀನಿನ ಸಾರು ತಂದಿಟ್ಟು, ಅತ್ತೆಯ ಕೈಯಿಂದ ಡಬ್ಬಿ ತೆಗೆದುಕೊಂಡು ಮೂಲೆಗಿಟ್ಟಳು.

"ಶೆನ್ ಆಂಟಿ, ಸುಸ್ತಾಗಿರಬೇಕು. ಕೂತ್ಕೊಳ್ಳಿ, ಊಟ ಮಾಡಿ."

ಮಗ ನಕ್ಕ. "ಇದೇನಿದು ಹೊಸ ನಾಟಕ? ಅಮ್ಮ ಅನ್ನೋಕೆ ಏನಾಯ್ತು?"

"ಹೊರಗಿನೋರೆಲ್ಲ ಹಾಗೇ ಕರೀತಾರಲ್ಲ," ಎಂದು ಲಿಯೂ ಅವನಿಗೆ ಅನ್ನ ಬಡಿಸಿದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸುಚಿನ್ ಎರಡು ಬೈದು, ಎರಡು ಬೈಸಿಕೊಂಡು ಸರಿಮಾಡಿಕೊಳ್ಳುತ್ತಿದ್ದಳು. ಲಿಯೂ ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಅತಿಥಿಗೆ ಕೊಡುವ ಹಾಗೆ, ಅವಳ ಮುಂದೆ ಚಾಚಿದಳು. ಸುಚಿನ್ ಅದನ್ನು ತೆಗೆದುಕೊಂಡಳು. ತೆಗೆದುಕೊಳ್ಳಲು ಅವಳೂ ಎರಡೂ ಕೈ ಚಾಚಿದ್ದಳು.