ಬೆಳ್ಳೂರಿನ ಅರ್ಧ ಎಕರೆ

ಮೀಯಿಸಿದ ಹೆಣಕ್ಕೆ ಹಳೆಯ ದುಪ್ಪಟಿ ಹೊದಿಸಿ ನೆರೆಮನೆಯ ಮಂಗಳಮ್ಮ ಹೊರಗೆ ಬಂದಳು.

"ಇನ್ನೆಷ್ಟೊತ್ತು ಕಾಯದು ಕುಸುಮ? ತವರಿನ ಸೀರೆ ಉಡಿಸ್ದೆ ನಿಮ್ಮವ್ವನ ಎತ್ತಕ್ಕಾಯ್ತದಾ?"

ಸತ್ತ ಹೆಣ್ಣಿಗೆ ಕೊನೆಯ ಸೀರೆ ತವರಿನದೇ ಆಗಬೇಕು. ಕೊತ್ತತ್ತಿಯಲ್ಲಿ ಅದಕ್ಕೆ ಎರಡು ಮಾತಿಲ್ಲ. ಕುಸುಮಳ ತಾಯಿ ಜಯಲಕ್ಷ್ಮಮ್ಮನ ತವರೆಂದು ಉಳಿದಿದ್ದವನು ಅಣ್ಣ ಹುಚ್ಚೀರಯ್ಯನೊಬ್ಬ. ಕೊಕ್ಕರೆ ಬೆಳ್ಳೂರಿನಿಂದ ಬೆಳಿಗ್ಗೆಯೇ ಬಂದವನು ಎದುರುಮನೆಯ ಜಗಲಿಯ ಮೇಲೆ ಸೀರೆಯ ಕವರನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದ. ಕರೆಯಲು ಹೋದವರಿಗೆಲ್ಲ ಒಂದೇ ಮಾತು: "ನನ್ನ ಕೋರ್ಟ್‌ಗೆ ಎಳೆದೋಳ ಒಸ್ಲು ತುಳಿಯಕಿಲ್ಲ. ಮಗಳು ಬಂದು ತಪ್ಪಾಯ್ತು ಅನ್ಲಿ, ಬತ್ತೀನಿ."

ಇಂಥ ಹೊತ್ತಿನಲ್ಲೂ ಮುದುಕನ ಬಿಗುಮಾನಕ್ಕೆ ಕೊರತೆಯಿರಲಿಲ್ಲ.

"ಅಂದ್ಬುಡು ಅತ್ಲಾಗೆ. ನಿನ್ನ ಗಂಟೇನ್ ಓಯ್ತದೆ?" ಎಂದಳು ಮಂಗಳಮ್ಮ.

"ಅವ್ವ ಮಾಡ್ದೆ ಇರೋ ತಪ್ಪ ನಾನ್ಯಾಕ್ ಒಪ್ಕಳ್ಲಿ ದೊಡ್ಡವ್ವ?"

*

ಗಂಡ ಸತ್ತ ಮೇಲೆ ಡೈರಿಗೆ ಹಾಲು ಹಾಕಿ ಒಬ್ಬಳೇ ಮಗಳನ್ನು ಓದಿಸಿದ ಜಯಲಕ್ಷ್ಮಮ್ಮ ಬಸ್ಸಿನಲ್ಲಿ ಕೊಂಚ ಸರಿಯಿರಿ ಎನ್ನಲೂ ಹಿಂಜರಿಯುವ ಹೆಂಗಸು. ತಂದೆ ತೀರಿಕೊಂಡಾಗ ಹುಚ್ಚೀರಯ್ಯ ಹೊಲದ ಹಕ್ಕು ಬಿಡುಗಡೆಯ ಪತ್ರ ಅವಳ ಮುಂದಿಟ್ಟು, "ಇಲ್ಲೊಂದು ಎಬ್ಬೆಟ್ಟು ಒತ್ತು" ಎಂದ. ಏನು ಎತ್ತ ಎಂದು ಹೇಳಲಿಲ್ಲ. ಗೌರಿಹಬ್ಬಕ್ಕೆ ತಪ್ಪದೆ ಬಾಗಿನ ಕಳಿಸುತ್ತಿದ್ದನಲ್ಲ, ತಂಗಿಗೆ ಇನ್ನೇನು ಬೇಕು? ಅವಳು ಕೈ ಹಿಂದಕ್ಕೆಳೆದುಕೊಂಡಳು. ಮದ್ದೂರಿನ ಕೋರ್ಟಿಗೆ ವರ್ಷಗಟ್ಟಲೆ ಅಲೆದ ಮೇಲೆ ಅವಳ ಪಾಲಿಗೆ ಅರ್ಧ ಎಕರೆ ಬಂತು. ಬಾಗಿನ ನಿಂತುಹೋಯಿತು.

ಹೊಲದ ಗಡಿಗೆ ಕಲ್ಲು ನೆಟ್ಟ ದಿನ ಅವಳು ಬದುವಿನ ಮೇಲೆ ಕೂತು ಸುತ್ತ ನೋಡಿದಳು. "ಅಣ್ಣನೇ ಉತ್ಕಳ್ಲಿ ಅಂತ ಏಳ್ಕಳ್ಸವ್ವ" ಎಂದಳು.

ಕುಸುಮಳಿಗೆ ರೇಗಿಹೋಯಿತು. "ಅಂಗಿದ್ಮೇಲೆ ಅಷ್ಟ್ಯಾಕ್ ಅಲೆದೆ?"

"ಕೊಡಾದಾದ್ರೂ ನಂದು ಅಂತ ಕೊಡ್ಬೇಕು ಕಣವ್ವ. ನಾನೂ ಅದೇ ಒಟ್ಟೇಲಿ ಉಟ್ಲಿಲ್ವಾ?"

ಹುಚ್ಚೀರಯ್ಯ ಉತ್ತ, ಬಿತ್ತಿದ, ಬೆಳೆದ. ಎಲ್ಲವೂ ಮೊದಲಿನಂತೆ, ತನ್ನದೇ ಎಂಬಂತೆ.

*

ಕುಸುಮ ಬೀದಿ ದಾಟಿದಳು. ಜಗಲಿಯ ಮೇಲಿದ್ದವರು ಅವಳತ್ತ ತಿರುಗಿದರು.

"ತಪ್ಪಾಯ್ತು ಅನ್ನಕ್ ಬರ್ನಿಲ್ಲ ಮಾವ. ಆ ಒಲ ಅವ್ವಂಗೆ ನೀನು ಕೊಟ್ಟಿದ್ದಲ್ಲ, ಆ ಮನೇಲಿ ಉಟ್ಟಿದ್ದಕ್ಕೆ ಬಂತು. ಸೀರೆ ಮಾತ್ರ ನೀನು ಕೊಡಾದು. ಮನಸಿದ್ರೆ ಬಾ. ಇಲ್ದಿದ್ರೆ ನನ್ ಸೀರೆನೇ ಉಡಿಸ್ತೀನಿ."

ಹುಚ್ಚೀರಯ್ಯ ಧಡಕ್ಕನೆ ಎದ್ದ. "ನಿನ್ ಸೀರೆನಾ? ನಾನ್ ಬದುಕಿರೋವಾಗ್ಲೇ? ತವರಿನ ಸೀರೆ ನನ್ನ ಹಕ್ಕು ಕಣಮ್ಮಿ. ಅದ ಕಿತ್ಕಳಕೆ ನೀನ್ಯಾರು?"

ಯಾರೋ ಕೆಮ್ಮಿದರು. ತಾನು ಆಡಿದ್ದು ತನಗೇ ಕೇಳಿಸಿತೋ ಏನೋ, ಮುದುಕ ಕೈಯಲ್ಲಿದ್ದ ಕವರಿನತ್ತ ನೋಡಿದ. ಇದನ್ನು ಕೇಳಲು ಅವ್ವ ಇರಬೇಕಿತ್ತು ಎಂದು ಕುಸುಮಳಿಗೆ ಸಂಕಟವಾಯಿತು.

ಅವನು ಚಪ್ಪಲಿ ಬಿಟ್ಟು ಬೀದಿ ದಾಟಿ ಒಳಗೆ ನಡೆದ. ಸೀರೆ ಬಿಚ್ಚಿ ತಂಗಿಯ ಮೈಮೇಲೆ ಹರಡಿದ. "ಏಟು ಸಣ್ಣಾಗೋಗವ್ಳೆ" ಎಂದ. ಉಡಿಸಬೇಕು, ಸರಿಯಿರಿ ಎಂದು ಹೆಂಗಸರು ಹೇಳುವವರೆಗೂ ಕೈ ತೆಗೆಯಲಿಲ್ಲ.

ಜಯಲಕ್ಷ್ಮಮ್ಮನನ್ನು ಗಂಡನ ಪಕ್ಕದಲ್ಲೇ ಮಣ್ಣು ಮಾಡಿದರು. ನಾಲೆಯಲ್ಲಿ ಕೈಕಾಲು ತೊಳೆದುಕೊಂಡು ಜನ ಒಬ್ಬೊಬ್ಬರೇ ಹೊರಟರು. ಹುಚ್ಚೀರಯ್ಯ ಮಾತ್ರ ಹೋಗಲಿಲ್ಲ. ಕುಸುಮ ಹತ್ತಿರ ಬರುವವರೆಗೂ ಕಾದ.

"ಆ ಅರ್ಧ ಎಕರೆಗೆ," ಎಂದ. "ಈ ಸಲ ಏನಾಕನವ್ವ? ರಾಗಿನಾ, ಕಬ್ಬಾ?"

ಒದ್ದೆ ಕೈಗಳನ್ನು ಪಂಚೆಗೆ ಒರೆಸಿಕೊಳ್ಳದೆ, ಮುದುಕ ನಾಲೆಯ ಮೆಟ್ಟಿಲಲ್ಲಿ ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತು ಅವಳ ಮುಖವನ್ನೇ ನೋಡುತ್ತಿದ್ದ.