ಹೆರ್ಷನ ಕೋಟಿನೊಳಗೆ ನಾನು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ನನಗೆ ಗೊತ್ತಿಲ್ಲ. ಹಡಗಿನಿಂದ ಶುರು ಮಾಡಿದರೆ ನಿಮಗೆ ಮುಂದಿನದೆಲ್ಲ ಗೊತ್ತಾಗಿಬಿಡುತ್ತದೆ: ಯುದ್ಧ ಮುಗಿದಿದೆ, ತಬ್ಬಲಿ ಯಹೂದಿ ಮಕ್ಕಳು ಕಂಬಿ ಹಿಡಿದು ನಿಂತಿದ್ದಾರೆ, ಎದುರಿಗೆ ಕೆನಡಾದ ದಡ. ಸಿನಿಮಾ ಆಗಿದ್ದರೆ ಇಲ್ಲಿ ಪಿಟೀಲು. ನನ್ನ ಮೊದಲ ಡ್ರಾಫ್ಟ್ ಹಾಗೇ ಇತ್ತು. ಅದನ್ನು ಅಕ್ಕ ಫ್ರೂಮಾಗೆ ಓದಿ ಹೇಳಿದೆ. ಎಂಬತ್ತು ದಾಟಿದ ಅಕ್ಕ ಮಾಂಟ್ರಿಯಲ್‌ನ ತನ್ನ ಅಡುಗೆಮನೆಯಲ್ಲಿ ಬೀಟ್‌ರೂಟ್ ಸಿಪ್ಪೆ ತೆಗೆಯುತ್ತಾ ಕೇಳಿಸಿಕೊಂಡಳು.

"ದಡ ಯಾರು ನೋಡಿದ್ರು? ದಾರಿಯುದ್ದಕ್ಕೂ ನೀನು ವಾಂತಿ ಮಾಡ್ಕೊಂಡು ಬಂದೆ, ನಾನು ಬಕೆಟ್ ಹಿಡ್ಕೊಂಡು ಬಂದೆ. ಅದನ್ನ ಬರಿ."

ಎರಡನೆಯ ಡ್ರಾಫ್ಟ್‌ನಲ್ಲಿ ದಿಂಬಿನ ಕೆಳಗೆ ಬ್ರೆಡ್ ಬಚ್ಚಿಟ್ಟೆ. (ಬ್ರೆಡ್ ಬಚ್ಚಿಡದ ಮಗುವಿಗೆ ಇಂಥ ಕಥೆಗಳಲ್ಲಿ ಪ್ರವೇಶವಿಲ್ಲ.)

"ಬಚ್ಚಿಡೋದ್ಯಾಕೆ? ಸಿಕ್ಕಿದ್ದನ್ನ ಅಲ್ಲೇ ತಿಂದು ಮುಗಿಸ್ತಿದ್ವಿ. ಬೂಟು ಹಾಕ್ಕೊಂಡೇ ಮಲಗ್ತಿದ್ವಿ, ಅದು ನಿಜ."

ಸರಿ, ಬೂಟಿನಿಂದಲೇ ಶುರು.

೨

೧೯೪೮ರ ಚಳಿಗಾಲ, ಮಾಂಟ್ರಿಯಲ್. ಸೇಡಿ ಗರ್ಫಿಂಕೆಲ್ ಎಂಬ ಮಕ್ಕಳಿಲ್ಲದ ಹೆಂಗಸು, ಗುಂಗುರು ಕೂದಲಿನ ಪುಟ್ಟ ಹುಡುಗಿಯೊಬ್ಬಳು ಬೇಕೆಂದು, ತಬ್ಬಲಿಗಳಿಗೆ ಮನೆ ಹುಡುಕುವ ಮಕ್ಕಳ ಸಮಿತಿಯನ್ನು ಕೇಳಿಕೊಂಡಿದ್ದಳು. ಅವಳಿಗೆ ತೋರಿಸಿದ್ದು ಹದಿನೈದರ, ಮಾತಿಗೆ ಮೊದಲು ಬಾಗಿಲು ಎಲ್ಲಿದೆಯೆಂದು ನೋಡುವ ಫ್ರೂಮಾಳನ್ನು. ಅವಳ ಕೈಗೆ ಅಂಟಿಕೊಂಡಿದ್ದ ಏಳರ ನನ್ನನ್ನು. ಒಬ್ಬರನ್ನು ಮಾತ್ರ ಕರೆದೊಯ್ಯಬಹುದು ಎಂದರು ಸಮಿತಿಯವರು.

"ಇವನು ನನ್ನ ತಮ್ಮ ಹೆರ್ಷ್," ಅಂದಳು ಫ್ರೂಮಾ. "ಇಬ್ಬರನ್ನೂ ಕರ್ಕೊಂಡು ಹೋಗಿ. ಇಲ್ಲಾಂದ್ರೆ ಇಬ್ಬರೂ ಬೇಡ."

ಸೇಡಿ ಇಬ್ಬರನ್ನೂ ಕರೆದೊಯ್ದಳು. ಮಾರನೆಯ ಬೆಳಿಗ್ಗೆ ಹಾಸಿಗೆಯ ತುಂಬ ಕೆಸರು ಕಂಡು, ಮಂಚದ ಮೇಲೆ ಕೂತು ನಿಧಾನವಾಗಿ ಹೇಳಿದಳು: "ಈ ಮನೆಯಿಂದ ಯಾರೂ ಓಡಿ ಹೋಗಬೇಕಾಗಿಲ್ಲ, ಮಕ್ಕಳೇ."

"ನಿಮಗೆ ಹೇಗೆ ಗೊತ್ತು?" ಅಂದಳು ಫ್ರೂಮಾ.

ಸೇಡಿ ಅಂದಿನಿಂದ ನಮ್ಮ ಕಾಲ ಕಡೆ ಹಳೆಯ ಪೇಪರ್ ಹಾಸತೊಡಗಿದಳು. ನಾನು ಕಂಡ ಒಳ್ಳೆಯತನದಲ್ಲಿ ಅಷ್ಟು ದೊಡ್ಡದು ಕಡಿಮೆ.

೩

(ಇಲ್ಲಿ ಒಂದು ಮಾತು. ಜಾಣ ಕಥೆಗಾರ ಇದನ್ನು ಕೊನೆಯ ಪುಟದವರೆಗೆ ಮುಚ್ಚಿಡುತ್ತಾನೆ. ನನಗೆ ಈ ವಯಸ್ಸಿನಲ್ಲಿ ಜಾಣತನ ಸಾಕಾಗಿದೆ.)

ನಾನು ಹೆರ್ಷ್ ಅಲ್ಲ.

ಹೆರ್ಷ್ ಫ್ರೂಮಾಳ ಸ್ವಂತ ತಮ್ಮ. ಪೋಲೆಂಡಿನಲ್ಲಿ ಒಬ್ಬ ರೈತ ಅವರಿಬ್ಬರನ್ನು ತನ್ನ ಹುಲ್ಲಿನ ಕೊಟ್ಟಿಗೆಯಲ್ಲಿ ಅಡಗಿಸಿಟ್ಟಿದ್ದ. ಚಳಿಗಾಲದಲ್ಲಿ ಹೆರ್ಷ್ ಜ್ವರ ಬಂದು ಸತ್ತ. ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು, ಗುಂಡಿ ತೋಡಲಾಗಲಿಲ್ಲ. ಹಿಮ ಕರಗುವ ತನಕ ಹುಲ್ಲಿನಡಿಯಲ್ಲೇ ಇಟ್ಟರು. ಅದೇ ಹುಲ್ಲಿನ ಈ ಬದಿಗೆ ಫ್ರೂಮಾ ಮಲಗುತ್ತಿದ್ದಳು. ಆ ದಿನಗಳಲ್ಲೇ ರೈತನ ಹೆಂಡತಿಗೆ, ಯಹೂದಿಗಳನ್ನು ಕೊಲ್ಲಲು ಸಾಗಿಸುತ್ತಿದ್ದ ರೈಲಿನ ಹಳಿಯ ಪಕ್ಕ ಒಂದು ಕೂಸು ಸಿಕ್ಕಿತು. ಅದನ್ನು ತಂದು ಫ್ರೂಮಾಳ ಮಡಿಲಿಗೆ ಹಾಕಿದಳು. ಆ ಕೂಸು ನಾನು. (ಹೆರ್ಷನ ಸಾವಿನ ಸಂಗತಿ ನನಗೆ ಗೊತ್ತಾದದ್ದು ರೈತನ ಹೆಂಡತಿ ಎಷ್ಟೋ ವರ್ಷದ ಮೇಲೆ ಬರೆದ ಕಾಗದದಿಂದ; ಅಕ್ಕ ಆ ಮಾತು ಎತ್ತಿದವಳಲ್ಲ.)

"ಅವನ ಕೋಟು ನಿಂಗೆ ಹಾಕಿದ್ದು ಬೆಚ್ಚಗಿರ್ಲಿ ಅಂತ," ಅಂದಳು ಅಕ್ಕ, ಬೀಟ್‌ರೂಟಿನಿಂದ ಕೆಂಪಾದ ಕೈಯನ್ನು ಒರೆಸಿಕೊಳ್ಳದೆ. "ಹೆಸರು ಅದರ ಜೊತೆಗೇ ಬಂತು."

"ನನ್ನ ಹೆಸರು ಏನಂತ ಕೇಳಲಿಲ್ವಾ?"

"ಕೇಳ್ದೆ. ನೀನು 'ಅಮ್ಮ' ಅಂದೆ. ಅದನ್ನ ಹೆಸರು ಅಂತ ಕರೆಯೋಕಾಗುತ್ತಾ?"

೪

ಮರುವರ್ಷದ ಬೇಸಿಗೆಯಲ್ಲಿ ಸೇಡಿ ನಮ್ಮನ್ನು ಈಜುಕೊಳಕ್ಕೆ ಕಳಿಸಿದಳು. ಅಲ್ಲಿ ಟವೆಲ್ ಕೊಡುತ್ತಿದ್ದವಳು ಪೆರ್ಲಾ. ಯುದ್ಧಕಾಲವನ್ನು ರಷ್ಯಾದಲ್ಲಿ ಕಳೆದು, ಮನೆಯವರೆಲ್ಲರನ್ನೂ ಕಳೆದುಕೊಂಡು ಒಂಟಿಯಾಗಿ ಬಂದಿದ್ದ ಹೆಂಗಸು. ನನಗೆ ಟವೆಲ್ ಕೊಡುವಾಗ ಅವಳ ಕಣ್ಣು ನನ್ನ ಕಾಲಿನ ಮೇಲೆ ಬಿತ್ತು. ನನ್ನ ಎಡಗಾಲಿನ ಎರಡು ಬೆರಳುಗಳು ಹುಟ್ಟಿನಿಂದಲೇ ಕೂಡಿಕೊಂಡಿವೆ. ಅವಳು ಟವೆಲ್ ಬಿಡಲೇ ಇಲ್ಲ. ಈ ತುದಿ ನಾನು, ಆ ತುದಿ ಅವಳು.

ಭಾನುವಾರ ಅವಳು ಮನೆಗೆ ಬಂದಳು.

ಈ ಜಾಗದಲ್ಲಿ ನಾನು ಮೂರು ಡ್ರಾಫ್ಟ್ ಹರಿದಿದ್ದೇನೆ. ಒಂದರಲ್ಲಿ ಪೆರ್ಲಾ ಗೋಳಾಡುತ್ತಾಳೆ. ಒಂದರಲ್ಲಿ ಫ್ರೂಮಾ ನನ್ನನ್ನು ಎತ್ತಿಕೊಂಡು ಹಿತ್ತಿಲ ಬಾಗಿಲಿಂದ ಓಡುತ್ತಾಳೆ. ಇನ್ನೊಂದರಲ್ಲಿ ನಾನೇ ಪೆರ್ಲಾಳನ್ನು ಗುರುತಿಸುತ್ತೇನೆ. (ಅದನ್ನು ಬರೆದ ದಿನ ನನಗೇ ನಾಚಿಕೆಯಾಯಿತು.) ನಡೆದದ್ದು ಇಷ್ಟು.

"ನನ್ನ ತಂಗಿಗೊಬ್ಬ ಮಗ ಇದ್ದ, ವೆಲ್ವ್ಲ್ ಅಂತ," ಅಂದಳು ಪೆರ್ಲಾ. "ಈ ಹುಡುಗ ಎಲ್ಲಿ ಸಿಕ್ಕಿದ?"

"ಸಿಗೋದೇನು? ಇವನು ನನ್ನ ತಮ್ಮ," ಅಂದಳು ಫ್ರೂಮಾ.

ಪೆರ್ಲಾ ಬಗ್ಗಿ ತನ್ನ ಎಡಗಾಲಿನ ಬೂಟು ಬಿಚ್ಚಿ, ಕಾಲುಚೀಲ ಕಳಚಿ, ಆ ಕಾಲನ್ನು ನನ್ನ ಬರಿಗಾಲಿನ ಪಕ್ಕ ಇಟ್ಟಳು. ಅವಳ ಬೆರಳುಗಳೂ ನನ್ನವುಗಳ ಹಾಗೆಯೇ ಕೂಡಿಕೊಂಡಿದ್ದವು. ಫ್ರೂಮಾ ಎರಡೂ ಕಾಲುಗಳನ್ನು ತುಂಬ ಹೊತ್ತು ನೋಡಿದಳು.

"ರೈಲು ಹಳಿ ಹತ್ರ," ಅಂದಳು.

"ಹಾಗಾದ್ರೆ ನಿನ್ನ ತಮ್ಮ?"

"ಇಲ್ಲೇ ನಿಂತಿದಾನಲ್ಲ."

೫

ರಕ್ತಸಂಬಂಧಿ ಇದ್ದಮೇಲೆ ಹುಡುಗ ಅಲ್ಲಿಗೇ ಹೋಗಬೇಕು ಎಂದಿತು ಸಮಿತಿ. ಕೋಳಿ ಅಂಗಡಿಯ ಮಹಡಿಯ ಮೇಲಿದ್ದ ಪೆರ್ಲಾಳ ಒಂಟಿ ಕೋಣೆಗೆ ನನ್ನನ್ನು ಕಳಿಸಿದರು. ಅವಳು ಬಾರ್ಲಿ ಸೂಪ್ ಮಾಡಿ "ವೆಲ್ವ್ಲ್, ಬಾ, ತಿನ್ನು" ಎನ್ನುವಳು. ಅದು ಯಾರೆಂದು ನನಗೆ ಗೊತ್ತಿಲ್ಲವಾದ್ದರಿಂದ ನಾನು ಏಳುತ್ತಿರಲಿಲ್ಲ. ಬೂಟು ಬಿಚ್ಚುತ್ತಿರಲಿಲ್ಲ. ಹಾಸಿಗೆ ಒದ್ದೆ ಮಾಡುತ್ತಿದ್ದೆ. ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ಕೆಲಸಕ್ಕೆ ಸೇರಿದ್ದ ಫ್ರೂಮಾ ದಿನವೂ ಸಂಜೆ ಬಂದು ಎದುರು ಫುಟ್‌ಪಾತಿನಲ್ಲಿ ನಿಲ್ಲುತ್ತಿದ್ದಳು. ಕರೆಯುತ್ತಿರಲಿಲ್ಲ, ಕೈ ಬೀಸುತ್ತಿರಲಿಲ್ಲ. ಹಿಮ ಬೀಳುವ ಕಾಲ ಬಂದಾಗಲೂ ನಿಂತಳು. ನಾನು ಒಂದು ಕಿಟಕಿಯಿಂದ ನೋಡುತ್ತಿದ್ದೆ. ಪೆರ್ಲಾ ಇನ್ನೊಂದರಿಂದ.

ಹಿಮ ಕರಗುವ ಹೊತ್ತಿಗೆ ಪೆರ್ಲಾ ನನ್ನ ಕೈ ಹಿಡಿದು ಸೇಡಿಯ ಮನೆಗೆ ತಂದು ಬಿಟ್ಟಳು.

"ಇವನು ನಿನ್ನ ಹತ್ರಾನೇ ಇರ್ಲಿ," ಅಂದಳು ಫ್ರೂಮಾಗೆ. "ಆದ್ರೆ ಇವನ ಹೆಸರು ಇವನಿಗೆ ಬಿಡು. ನಿನ್ನ ತಮ್ಮನಿಗೆ ಏಳು ದಿನ ಸೂತಕ ಕೂರು. ಯಾರೂ ಅತ್ತಿಲ್ಲ ಆ ಮಗೂಗೆ. ನಾನೂ ನಿನ್ನ ಜೊತೆ ಕೂರ್ತೀನಿ."

ಸಾವಾದ ಮನೆಯಲ್ಲಿ ಮಾಡುವ ಹಾಗೆ ಸೇಡಿ ಕನ್ನಡಿಗೆ ಬಿಳಿ ದುಪ್ಪಟಿ ಹೊದಿಸಿ, ಸೂತಕದವರು ಕೂರುವ ಎರಡು ಗಿಡ್ಡ ಸ್ಟೂಲು ತಂದಿಟ್ಟಳು. ಫ್ರೂಮಾ ಅವುಗಳನ್ನು ದಾಟಿ ಹೋಗಿ, ದುಪ್ಪಟಿ ಎಳೆದು ಕೆಳಗೆ ಹಾಕಿ, ಕನ್ನಡಿಯ ಮುಂದೆ ತಲೆ ಬಾಚಿಕೊಂಡಳು.

"ಈ ಮನೇಲಿ ಸತ್ತವರು ಯಾರೂ ಇಲ್ಲ," ಅಂದಳು.

ಪೆರ್ಲಾ ಒಬ್ಬಳೇ ಸ್ಟೂಲಿನ ಮೇಲೆ ಕೂತಳು, ತಾನು ಕಂಡೇ ಇರದ ಹುಡುಗನಿಗಾಗಿ. ಸ್ವಲ್ಪ ಹೊತ್ತಿನ ನಂತರ ಸೇಡಿ ಬಂದು ಇನ್ನೊಂದರ ಮೇಲೆ ಕೂತಳು.

ಆಮೇಲೆ ಊರು ಬಿಟ್ಟು ವಿನಿಪೆಗ್‌ಗೆ ಹೋಗಿದ್ದ ಪೆರ್ಲಾ ನನ್ನ ಮದುವೆಗೆ ಅಲ್ಲಿಂದ ಬಂದಿದ್ದಳು. ಕೊನೆಯ ಸಾಲಿನಲ್ಲಿದ್ದಳು. ಮದುವೆ ಮಾಡಿಸುತ್ತಿದ್ದ ರಬ್ಬಿ ನನ್ನನ್ನು ಹೆರ್ಷ್ ಎಂದು ಕರೆದಾಗ ತಲೆ ತಗ್ಗಿಸಿದಳು. ಊಟಕ್ಕೆ ಕೂರದೆ ಹೋದಳು. ಮತ್ತೆ ನೋಡಲಿಲ್ಲ, ಈಗ ಅವಳಿಲ್ಲ.

೬

ನಿಮಗೊಂದು ಮುಕ್ತಾಯ ಬೇಕಲ್ಲವೇ.

ಮುಕ್ತಾಯ ಒಂದು: ಅರವತ್ತು ವರ್ಷ ತಡವಾಗಿಯಾದರೂ ಅಕ್ಕ ಗಿಡ್ಡ ಸ್ಟೂಲಿನ ಮೇಲೆ ಕೂರುತ್ತಾಳೆ. ಚೆನ್ನಾಗಿ ಬರೆದಿದ್ದೆ. ಓದಿ ಹೇಳಿದೆ.

"ಹೊಡೆದು ಹಾಕು."

"ಕಥೇಲಾದ್ರೂ ಕೂರಕ್ಕಾ."

"ಕಥೇಲೂ ಕೂರಲ್ಲ."

ಮುಕ್ತಾಯ ಎರಡು: ನಾನೇ ಕೂರುತ್ತೇನೆ. ಆದರೆ ಹೆರ್ಷ್ ಎಂಬವನು ಹೆರ್ಷ್‌ಗೇ ಹೇಗೆ ಸೂತಕ ಕೂರುವುದು? ಆ ಪುಟವನ್ನು ಅರ್ಧಕ್ಕೆ ಬಿಟ್ಟೆ.

ಮೂರನೆಯದು ಮುಕ್ತಾಯವೇ ಅಲ್ಲ. ಡಾಕ್ಟರು ನನ್ನ ಶ್ವಾಸಕೋಶದ ಬಗ್ಗೆ ಖುಷಿಯ ಮಾತೇನೂ ಹೇಳಿಲ್ಲ. ಹೆಂಡತಿಯ ಸಮಾಧಿಯ ಪಕ್ಕದ ಜಾಗ ನನ್ನದು. ಕಲ್ಲಿನ ಮೇಲೆ ಯಾವ ಹೆಸರು ಕೆತ್ತಬೇಕೆಂದು ಸ್ಮಶಾನದವರು ಕೇಳುತ್ತಿದ್ದಾರೆ. ಅದನ್ನೂ ಅಕ್ಕನ ಮುಂದಿಟ್ಟೆ.

ಅವಳು ಈ ಸಲ ಜಗಳ ಆಡಲಿಲ್ಲ. ಚಾಕು ಕೆಳಗಿಟ್ಟಳು.

"ಹೆರ್ಷ್ ಅಂತ ಹಾಕ್ಸು," ಅಂದಳು. "ಅವನಿಗೂ ಒಂದು ಕಲ್ಲು ಅಂತ ಆಗುತ್ತೆ."

ಹೆರ್ಷ್ ಸತ್ತಿದ್ದಾನೆಂಬ ಮಾತನ್ನು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

"ಮತ್ತೆ ನಾನೆಲ್ಲಿ ಇರ್ತೀನಕ್ಕಾ?"

ಅವಳು ಎದ್ದು, ಹಿಂದೆ ಬಂದು, ನನ್ನ ಕೋಟಿನ ಕಾಲರ್ ಸರಿಮಾಡಿದಳು. ಕಲ್ಲು ಕೆತ್ತುವವನಿಗೆ ನಾನಿನ್ನೂ ಏನೂ ಹೇಳಿಲ್ಲ. ನಿಮಗೂ ಹೇಳಿಲ್ಲ.