ಬಾಯಿ ಅಲ್ಲಾಡದ ದೊರೆ

ದೆವ್ವಗಳಿಗೆ ಮಾತು ಬರೆದು ಹೊಟ್ಟೆ ಹೊರೆಯುವವನು ನಾನು. ನಗಬೇಡಿ, ಕೆಲಸ ಮಾಡಿ ನೋಡಿದರೆ ಗೊತ್ತಾಗುತ್ತದೆ. ಬೇರೆ ಭಾಷೆಯ ಧಾರಾವಾಹಿ ನಮ್ಮ ಸ್ಟುಡಿಯೋಗೆ ಡಬ್ಬಿಂಗಿಗೆ ಬರುತ್ತದೆ. ತೆರೆಯ ಮೇಲಿನವರು ತುಟಿ ಮುಚ್ಚಿದ ಕಡೆ ನಾನು ‘ಪ’ವೋ ‘ಮ’ವೋ ಇಡಬೇಕು, ಬಾಯಿ ಅಗಲಿಸಿದ ಕಡೆ ‘ಆ’ ಬರುವ ಮಾತು ಹುಡುಕಬೇಕು. ನಾಯಕಿಯ ಒಂದು ‘ಅಯ್ಯೋ’ಗಾಗಿ ಅರ್ಧ ದಿನ ತಲೆ ಚಚ್ಚಿಕೊಂಡದ್ದಿದೆ.

ಈ ಪೀಡೆಯಿಂದ ನನ್ನನ್ನು ಬಿಡಿಸಿದವನು ದೊರೆ. ಯಾವುದೋ ಹಳೆಯ ಮಾಟದ ಪುಸ್ತಕದಿಂದ ಎದ್ದುಬಂದ ದೆವ್ವ. ಮೂವತ್ತಾರು ಪಡೆಗಳ ಒಡೆಯನಂತೆ, ಕಳೆದುಹೋದ ವಸ್ತು ಹುಡುಕಿಕೊಡುತ್ತಾನಂತೆ, ಬಿಡುವಾದರೆ ಗಣಿತವನ್ನೂ ಹೇಳಿಕೊಡುತ್ತಾನಂತೆ. ಒಂದು ಕಾಲದಲ್ಲಿ ಅವನ ಹೆಸರೆತ್ತಿದರೆ ಜನ ಮುಸುಕು ಹಾಕಿಕೊಳ್ಳುತ್ತಿದ್ದರು. ಈಗ ಮಕ್ಕಳ ಊಟದ ಡಬ್ಬಿಯ ಮೇಲೆ ಹಲ್ಲು ಕಿರಿಯುತ್ತಾನೆ, ಅಂಗಡಿಯಲ್ಲಿ ಕೊಂಬಿನ ಟೋಪಿಯಾಗಿ ನೇತಾಡುತ್ತಾನೆ. ಧಾರಾವಾಹಿಯಲ್ಲಿ ಅವನಿಗೆ ಕಬ್ಬಿಣದ ಮುಖವಾಡ, ಬಾಯಿ ಅಲ್ಲಾಡುವುದೇ ಇಲ್ಲ. ಏನು ಬೇಕಾದರೂ ಬರೆಯಬಹುದು! ಅಂಥ ಪಾತ್ರ ಸಿಕ್ಕಿದ್ದು ನನ್ನ ಪುಣ್ಯ.

ಅವನಿಗೆ ಧ್ವನಿ ಕೊಡುವವರು ಗುಡುಗಕ್ಕ. ಆಳು ನೋಡಿದರೆ ಮೈಕನ್ನು ಕೆಳಗಿಳಿಸಿ ಕೊಡಬೇಕು, ಅಷ್ಟು ಗಿಡ್ಡ. ಬಾಯಿ ತೆರೆದರೆ ಮಾತ್ರ ಗಾಜಿನಾಚೆ ಕೂತ ಸೌಂಡಣ್ಣನ ಕಾಫಿ ಲೋಟ ನಡುಗುತ್ತದೆ. ಆ ಧ್ವನಿಯನ್ನು ಸೌಂಡಣ್ಣ ಮಷೀನಿನಲ್ಲಿ ಇನ್ನಷ್ಟು ದಪ್ಪ ಮಾಡಿ ದೊರೆಗೆ ಅಂಟಿಸುತ್ತಾನೆ.

ಮೂರು ವರ್ಷದ ಹಿಂದೆ ಇದೇ ಗುಡುಗಕ್ಕ ಒಂದು ಮಕ್ಕಳ ಕಾರ್ಟೂನಿನಲ್ಲಿ ಕೋಳಿಯಾಗಿದ್ದರು. ಎಲ್ಲರ ಮನೆ ವಿಷಯಕ್ಕೂ ಮೂಗು ತೂರಿಸುವ ಕೋಳಿ. ಅದಕ್ಕೊಂದು ಮಾತಿನ ಶೈಲಿ ಬೇಕಿತ್ತು. ಗುಡುಗಕ್ಕ ತಮ್ಮ ಸ್ವಂತ ತಂಗಿಯದನ್ನೇ ಎತ್ತಿಕೊಂಡರು. ತಂಗಿ ಶಾಲೆಯಲ್ಲಿ ಟೀಚರ್. ಪ್ರಶ್ನೆ ಕೇಳುವಾಗ ಕೊನೆಯ ಅಕ್ಷರವನ್ನು ಎಳೆದು ಮೇಲಕ್ಕೆತ್ತುವ ಅಭ್ಯಾಸ. ಕೋಳಿ ಮನೆಮಾತಾಯಿತು. ಆ ತಾಯಿ ತರಗತಿಯಲ್ಲಿ “ಅರ್ಥ ಆಯ್ತಾಆ?” ಅಂದರೆ ಇಡೀ ತರಗತಿ “ಕೊಕ್ಕೊಕ್ಕೋ” ಅನ್ನತೊಡಗಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತಿನಿಂದ ತಂಗಿ ಫೋನ್ ಎತ್ತುವುದಿಲ್ಲ, ಮನೆಗೆ ಹೋದರೆ ಬಾಗಿಲು ತೆಗೆಯುವುದಿಲ್ಲ.

ಆದರೆ ದೊರೆಯ ಧಾರಾವಾಹಿಯನ್ನು ಮಾತ್ರ ಒಂದು ದಿನವೂ ತಪ್ಪಿಸುವುದಿಲ್ಲ. ತಂಗಿಯ ಮಗಳು ದೊಡ್ಡಮ್ಮನಿಗೆ ಕದ್ದು ಫೋನ್ ಮಾಡಿ ಹೇಳಿದ್ದಳು: “ದೊರೆ ಬಂದ್ರೆ ಅಮ್ಮನಿಗೆ ಒಲೆ ಮೇಲಿನ ಹಾಲೂ ನೆನಪಿರಲ್ಲ.” ದಪ್ಪ ಮಾಡಿದ ಆ ಧ್ವನಿ ಯಾರದೆಂದು ಅಮ್ಮನಿಗೆ ಗೊತ್ತಿಲ್ಲ ಅಂತ ಮಗಳ ನಂಬಿಕೆ.

ಹೀಗಿರುವಾಗ ಚಾನೆಲ್ಲಿನವರು ಫೋನ್ ಮಾಡಿ, ಮುಂದಿನ ವಾರ ದೊರೆಯನ್ನು ಹಿತ್ತಾಳೆ ಕೊಡಕ್ಕೆ ತುಂಬಿ ಕಥೆ ಮುಗಿಸುತ್ತಾರೆ ಅಂದರು. ನಾನು ಬಂದು ಹೇಳಿದೆ. ಗುಡುಗಕ್ಕ ಕುರ್ಚಿಯಲ್ಲಿ ಕುಸಿದರು.

“ದಿನಾ ಅರ್ಧ ಗಂಟೆ ಅವಳ ಕಿವಿಗೆ ಬೀಳ್ತಿದ್ದೆ ಕಣಪ್ಪ. ಅದೂ ಹೋಯ್ತು.”

ಆಮೇಲೆ ನನ್ನ ಕೈ ಹಿಡಿದರು. ದೊರೆಯ ಬಾಯಿಂದ ತಂಗಿಗೊಂದು ಮಾತು ಹೇಳಬೇಕಂತೆ. ಅದೂ ಮಂತ್ರವಾದಿ ಎಳೆದ ಸೀಮೆಸುಣ್ಣದ ವೃತ್ತದೊಳಗೆ ದೊರೆ ನಿಂತಿರುವ ದೃಶ್ಯದಲ್ಲಿ. ವೃತ್ತದಲ್ಲಿ ನಿಂತ ದೆವ್ವ ಸುಳ್ಳು ಹೇಳುವಂತಿಲ್ಲ ಎಂಬುದು ಹಳೆಯ ನಿಯಮ; ಹೊರಗೆ ನಿಂತು ಹೇಳಿದ್ದನ್ನು ಟೀಚರಮ್ಮ ನಂಬುವುದೇ ಇಲ್ಲವಂತೆ.

“ನಿಮ್ಮದೇ ಧ್ವನಿ ಅಂತ ಗೊತ್ತಾಗಿ ಅವರು ಟಿವಿನೂ ಆರಿಸಿಬಿಟ್ರೆ?” ಎಂದೆ.

“ಆರಿಸಿದ್ರೆ ಆರಿಸಲಿ. ಹೇಳದೇ ಮುಗಿದುಹೋದ್ರೆ ನಾನು ಬದುಕಿರೋವರೆಗೂ ಕೊರಗಬೇಕು.”

ನನ್ನ ಕೆಲಸ ಹೋಗುವ ಭಯವನ್ನು ಜೇಬಿಗೆ ಹಾಕಿಕೊಂಡು ಗೋಣು ಆಡಿಸಿದೆ.

ತೆರೆಯ ಮೇಲೆ ಮಂತ್ರವಾದಿ ಮೇಣದಬತ್ತಿ ಹಿಡಿದು ಗದರಿದ: “ಹೇಳು! ನಿನ್ನ ನಿಜವಾದ ಹೆಸರೇನು?” ನಾನು ಬರೆದಿದ್ದ ಗಂಭೀರವಾದ ಉತ್ತರವನ್ನು ಗುಡುಗಕ್ಕ ಮಡಚಿ ಪಕ್ಕಕ್ಕಿಟ್ಟರು.

“ಹೆಸರು ಹಾಗಿರಲಿ. ಆ ಕೋಳಿ ನಾನೇ. ಊರನ್ನ ನಗಿಸೋ ಆಸೆಗೆ ಒಡಹುಟ್ಟಿದವಳನ್ನ ಅಳಿಸಿದೆ. ತಪ್ಪಾಯ್ತು ತಂಗಿ. ಮನಸ್ಸಲ್ಲಿ ಇಟ್ಕೋಬೇಡ.”

ಸರಿಯಾಗಿ ಆ ಹೊತ್ತಿಗೆ ಮಂತ್ರವಾದಿಯ ಕೈಯಿಂದ ಮೇಣದಬತ್ತಿ ಬಿತ್ತು. ಅಷ್ಟು ಚೆನ್ನಾಗಿ ನನ್ನ ಯಾವ ಮಾತೂ ಇವತ್ತಿನವರೆಗೆ ಕೂತಿಲ್ಲ, ಹೊಟ್ಟೆ ಉರಿಯಿತು. ಸೌಂಡಣ್ಣ ಮೂಗೊರೆಸಿಕೊಂಡು, “ಇನ್ನೊಂದು ಟೇಕ್ ಬೇಡ” ಅಂದ.

ಪ್ರಸಾರವಾದದ್ದೇ ತಡ, ಇಂಟರ್‌ನೆಟ್ಟಿನಲ್ಲಿ ದೊರೆಯ ಭಕ್ತರು ಎದ್ದು ಕೂತರು. ಕೋಳಿ ಅಂದರೆ ಮೂವತ್ತೇಳನೆಯ ಪಡೆ ಎಂದೊಬ್ಬ. ಕೋಳಿಯೇ ನಿಜವಾದ ದೊರೆ, ಇವನು ಬರೀ ಗುಮಾಸ್ತ ಎಂದಿನ್ನೊಬ್ಬ. ಒಬ್ಬ ಪುಣ್ಯಾತ್ಮ ಕೊಂಬಿರುವ ಕೋಳಿಯ ಚಿತ್ರ ಬರೆದು ಅಂಗಿಯ ಮೇಲೆ ಅಚ್ಚು ಹಾಕಿಸಿಬಿಟ್ಟ. ಚಾನೆಲ್ಲಿನಿಂದ ಫೋನ್ ಬಂತು, ನನ್ನ ಜೀವ ಬಾಯಿಗೆ ಬಂತು.

“ಯಾವ ಕೋಳಿ ರೀ ಅದು?”

“ಹಳೇ ಪುಸ್ತಕದಲ್ಲಿದೆ ಸಾರ್.”

“ಬೊಂಬಾಟಾಗಿದೆ. ಇನ್ನೂ ಸ್ವಲ್ಪ ಕೋಳಿ ಹಾಕಿ.”

ಗುಡುಗಕ್ಕನಿಗೆ ಇದು ಯಾವುದೂ ಬೇಕಿರಲಿಲ್ಲ. ತಂಗಿಯ ಮಗಳು ಫೋನ್ ಮಾಡಿದ್ದಳು. ಆ ಮಾತು ಕೇಳಿದವಳೇ ಅಮ್ಮ ಟಿವಿ ಆರಿಸಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ. ಆಮೇಲಿನ ಕಂತುಗಳನ್ನೂ ನೋಡಲಿಲ್ಲವಂತೆ. ಅಕ್ಕ ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅವರು ಬಿಸಿನೀರು ಕುಡಿಯುತ್ತಾ ಕೂತರು.

ಕೊನೆಯ ದಿನ ದೊರೆ ಕೊಡದೊಳಗೆ ಹೋಗುತ್ತಾ ಕೂಗಬೇಕು. ಗುಡುಗಕ್ಕನ ಗಂಟಲಿನಿಂದ ಬೆಕ್ಕಿನ ಮರಿಯಷ್ಟೂ ಸದ್ದು ಬರಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿ ಕೈಚೆಲ್ಲಿ ಕೂತಿದ್ದಾಗ ಸ್ಟುಡಿಯೋ ಬಾಗಿಲು ತೆರೆಯಿತು. ಕೈಗಡಿಯಾರವನ್ನು ಮಣಿಕಟ್ಟಿನ ಒಳಗಡೆಗೆ ಕಟ್ಟಿಕೊಂಡ, ಸೆರಗಿನ ತುದಿಗೆ ಸೀಮೆಸುಣ್ಣದ ಪುಡಿ ಹತ್ತಿದ ಹೆಂಗಸು. ಗುಡುಗಕ್ಕ ಎದ್ದು ನಿಂತದ್ದು ನೋಡಿಯೇ ಯಾರೆಂದು ನಮಗೆ ತಿಳಿಯಿತು.

“ಇಷ್ಟು ಹೇಳೋಕೆ ಮೂರು ವರ್ಷ ಬೇಕಾಯ್ತಾಆ?”

ನಾನು ಸೌಂಡಣ್ಣನ ಮುಖ ನೋಡಲಿಲ್ಲ. ನೋಡಿದ್ದರೆ ಇಬ್ಬರಿಗೂ ನಗು ತಡೆಯಲಾಗುತ್ತಿರಲಿಲ್ಲ.

“ನಾನೇ ಅಂತ ಗೊತ್ತಾಗಿಬಿಡ್ತಾ?” ಗುಡುಗಕ್ಕ ಕೇಳಿದರು.

“ಮೊದಲನೇ ದಿನಾನೇ ಗೊತ್ತಾಯ್ತು. ಮಷೀನಿಗೆ ಹಾಕಿ ಅರೆದ್ರೂ ನನ್ನಕ್ಕನ ಧ್ವನಿ ನಂಗೆ ಗೊತ್ತಾಗಲ್ವಾಆ? ದೆವ್ವ ಅಂದ್ರೆ ಪ್ರಾಣ ಹೋಗುತ್ತೆ ನಂಗೆ. ಇದನ್ನ ನೋಡಿ ನೋಡಿ ದೀಪ ಹಾಕ್ಕೊಂಡೇ ಮಲಗ್ತಿದ್ದೀನಿ. ನೀನಿಲ್ದಿದ್ರೆ ಈ ದರಿದ್ರ ಸೀರಿಯಲ್ಲನ್ನ ಯಾರು ನೋಡ್ತಿದ್ರುಉ?”

“ಮತ್ತೆ ಟಿವಿ ಯಾಕೆ ಆರಿಸಿದೆ?”

“ಅಳು ಬಂತು. ಮಗಳ ಮುಂದೆ ದಿನಾ ದೆವ್ವವನ್ನ ನೋಡ್ಕೊಂಡು ಅಳೋಕಾಗುತ್ತಾ?” ಟೀಚರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು, ಕೆನ್ನೆಗೆ ಸುಣ್ಣ ಮೆತ್ತಿತು. “ಸೀರಿಯಲ್ ಮುಗಿಯುತ್ತಂತೆ ಅಂದ್ಳು ಮಗಳು. ಇನ್ಮೇಲೆ ನಿನ್ನ ಧ್ವನಿ ಎಲ್ಲಿ ಕೇಳೋದು ಅಂತ ನಿದ್ದೇನೇ ಬರ್ಲಿಲ್ಲ ಕಣೇ ನಂಗೆ.”

ಗುಡುಗಕ್ಕ ತಂಗಿಯನ್ನು ತಬ್ಬಿಕೊಂಡು ಎಂಥಾ ಕೂಗು ಹಾಕಿದರೆಂದರೆ, ಸೌಂಡಣ್ಣ ತಡಬಡಿಸಿ ರೆಕಾರ್ಡಿಂಗ್ ಗುಂಡಿ ಒತ್ತಿದ. ದೊರೆ ಕೊಡದೊಳಗೆ ಹೋದದ್ದು ಅದೇ ಕೂಗಿನಲ್ಲಿ. ಟೀಚರಮ್ಮ ನನ್ನ ಸೀರಿಯಲ್ಲನ್ನು ದರಿದ್ರ ಅಂದದ್ದನ್ನು ನಾನು ಹೊಟ್ಟೆಗೆ ಹಾಕಿಕೊಂಡೆ.